ದೋಸೆಯೋ, ರೊಟ್ಟಿಯೋ, ಬರ್ಗರೋ: ದಾವಣಗೆರೆಯಲ್ಲಿ ಎಲ್ಲಿ ಕೂತು ತಿನ್ನುವುದು?

ಕಾಲೇಜು ದಾಖಲಾತಿಯ ದಿನಗಳು ಬಂದವೆಂದರೆ ದಾವಣಗೆರೆಯಲ್ಲಿರುವ ನಮ್ಮಂಥವರಿಗೆ ನೆಂಟರಿಂದಲೂ ನೆಂಟರ ನೆಂಟರಿಂದಲೂ ಒಂದೇ ಬಗೆಯ ಫೋನು ಬರತೊಡಗುತ್ತದೆ: ಬೆಳಿಗ್ಗೆ ಬಂದು ಇಳಿಯುತ್ತೇವೆ, ರಾತ್ರಿ ರೈಲಿಗೆ ಹೊರಡುತ್ತೇವೆ, ಊಟ ತಿಂಡಿಗೆ ಎಲ್ಲಿ ಹೋಗುವುದು? ಆ ಗುಂಪಿನಲ್ಲಿ ಬೆಣ್ಣೆ ದೋಸೆಯ ಹೆಸರು ಕೇಳಿ ಆಸೆಪಟ್ಟು ಬಂದ ಅಪ್ಪ ಇರುತ್ತಾನೆ, ರೊಟ್ಟಿ ಇಲ್ಲದಿದ್ದರೆ ಊಟ ಮಾಡಿದಂತೆಯೇ ಆಗದ ಅಜ್ಜಿ ಇರುತ್ತಾರೆ, ಬರ್ಗರ್ ಸಿಗುವ ಜಾಗವನ್ನು ಫೋನಿನಲ್ಲಿ ಆಗಲೇ ಹುಡುಕಿಟ್ಟುಕೊಂಡಿರುವ ಹದಿನೇಳರ ಹುಡುಗನೂ ಇರುತ್ತಾನೆ. ಒಂದು ಹೋಟೆಲಿನ ಹೆಸರು ಹೇಳಿ ಫೋನು ಇಡುವುದು ಸುಲಭ. ಆದರೆ ಅದೇ ಹೋಟೆಲಿಗೆ ತಪ್ಪು ಹೊತ್ತಿನಲ್ಲಿ ಹೋದವರು ಸಂಜೆ ಸಿಕ್ಕಾಗ ಮುಖ ಸಣ್ಣಗೆ ಮಾಡಿಕೊಂಡಿರುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಆದ್ದರಿಂದ ಇಲ್ಲಿ ಅಂಗಡಿಗಳ ಪಟ್ಟಿಗಿಂತ ಆಯ್ದುಕೊಳ್ಳುವ ಬಗೆಯನ್ನೇ ಹೇಳಲು ಹೊರಟಿದ್ದೇನೆ. ದೊಡ್ಡ ಕಂಪನಿಗಳ ಸರಣಿ ಹೋಟೆಲುಗಳನ್ನು ಬಿಟ್ಟಿದ್ದೇನೆ; ಅವು ಎಲ್ಲ ಊರಿನಲ್ಲೂ ಒಂದೇ ತರಹ ಇರುತ್ತವೆ. ಮಾಲೀಕರೇ ಗಲ್ಲಾದಲ್ಲೋ ಒಲೆಯ ಮುಂದೆಯೋ ನಿಂತಿರುವ ನಾಲ್ಕು ಬಗೆಯ ಜಾಗಗಳನ್ನು ಮಾತ್ರ ತೂಗಿ ನೋಡೋಣ: ಬೆಣ್ಣೆ ದೋಸೆ ಹೋಟೆಲು, ಖಾನಾವಳಿ, ಮಂಡಕ್ಕಿ–ಮಿರ್ಚಿ ಅಂಗಡಿ ಮತ್ತು ಕಾಲೇಜು ಬೀದಿಗಳ ಬರ್ಗರ್ ಅಂಗಡಿ.

ತೂಗುವುದಕ್ಕೆ ಮೊದಲ ಅಳತೆ ಹೊತ್ತು. ನಮ್ಮ ಊರಿನಲ್ಲಿ ಪ್ರತಿಯೊಂದು ಬಗೆಯ ಅಂಗಡಿಗೂ ಅದರದೇ ಹೊತ್ತಿದ್ದು, ಆ ಹೊತ್ತು ಮೀರಿದರೆ ಅದೇ ಕೈ, ಅದೇ ಹಿಟ್ಟು, ಅದೇ ಒಲೆ ಇದ್ದರೂ ರುಚಿ ಅರ್ಧಕ್ಕೆ ಇಳಿಯುತ್ತದೆ. ಎರಡನೆಯದು, ತಿನ್ನುವ ಪದಾರ್ಥ ನೀವು ಹೇಳಿದ ಮೇಲೆ ತಯಾರಾಗುತ್ತದೆಯೋ ಅಥವಾ ಮೊದಲೇ ಮಾಡಿಟ್ಟದ್ದು ಬಿಸಿಯಾಗಿ ಬರುತ್ತದೆಯೋ ಎಂಬುದು. ಮೂರನೆಯದು ಜೊತೆಗಿರುವವರು: ಮೊಣಕಾಲು ನೋವಿನವರಿಗೆ ಬೆನ್ನೊರಗುವ ಕುರ್ಚಿ ಬೇಕು, ಮಕ್ಕಳಿಗೆ ಖಾರ ಕಡಿಮೆ ಇರಬೇಕು, ಹರಟೆಗೆ ಕೂತವರನ್ನು ಯಾರೂ ಎಬ್ಬಿಸಬಾರದು. ನಾಲ್ಕನೆಯದು ದುಡ್ಡು. ಹವಾನಿಯಂತ್ರಿತ ಕೋಣೆಯಿರುವ ಕಡೆ ಸಾಮಾನ್ಯವಾಗಿ ಶೇ. 5ರ ಜಿಎಸ್‌ಟಿ ಬಿಲ್ಲಿಗೆ ಸೇರುತ್ತದೆ. ಸಣ್ಣ ವ್ಯಾಪಾರಿಗಳಿಗಿರುವ ಸರಳ ತೆರಿಗೆ ಪದ್ಧತಿಯಾದ ಕಾಂಪೊಸಿಷನ್ ಯೋಜನೆಯಡಿ ಇರುವ ಸಣ್ಣ ಹೋಟೆಲಿನವರು ಗಿರಾಕಿಗಳಿಂದ ಬೇರೆಯಾಗಿ ತೆರಿಗೆ ವಸೂಲು ಮಾಡುವಂತಿಲ್ಲವಾದ್ದರಿಂದ ಅಲ್ಲಿ ಬೋರ್ಡಿನಲ್ಲಿರುವ ದರವೇ ಕೊನೆಯ ದರ. ಐದನೆಯದು ಶುಚಿ. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಪರವಾನಗಿ ಅಥವಾ ನೋಂದಣಿ ಸಂಖ್ಯೆಯನ್ನು ಅಂಗಡಿಯಲ್ಲಿ ಕಾಣುವಂತೆ ಹಾಕಿರಬೇಕು, 2022ರ ಜನವರಿ 1ರಿಂದ ಬಿಲ್ಲಿನ ಮೇಲೂ ಅದು ಇರಬೇಕು. ಆದರೂ ಆ ಸಂಖ್ಯೆಗಿಂತ ತಟ್ಟೆ ತೊಳೆಯುವ ಜಾಗದತ್ತ ಒಮ್ಮೆ ಕಣ್ಣು ಹಾಯಿಸುವುದರ ಮೇಲೆಯೇ ನನಗೆ ಹೆಚ್ಚು ನಂಬಿಕೆ.

ಈಗ ದೋಸೆಗೆ ಬರೋಣ. ಊರಿನಲ್ಲಿ ಚಾಲ್ತಿಯಲ್ಲಿರುವ ಕಥೆಯ ಪ್ರಕಾರ, 1928ರಲ್ಲಿ ಬೆಳಗಾವಿ ಸೀಮೆಯಿಂದ ಮಕ್ಕಳೊಂದಿಗೆ ಬಂದ ಚೆನ್ನಮ್ಮ ಎಂಬವರು ನಾಟಕದ ಥಿಯೇಟರಿನ ಬಳಿ ರಾಗಿ ದೋಸೆ ಮಾಡಿ ಮಾರತೊಡಗಿದರು; 1938ರ ಸುಮಾರಿಗೆ ರಾಗಿಯ ಜಾಗಕ್ಕೆ ಅಕ್ಕಿ, ಉದ್ದು, ಮಂಡಕ್ಕಿ ಬಂದವು; ಅವರ ಮಕ್ಕಳಲ್ಲಿ ಶಾಂತಪ್ಪನವರು ವಸಂತ ಟಾಕೀಸಿನ ಬಳಿಯೂ ಮಹದೇವಪ್ಪನವರು 1944ರಲ್ಲಿ ಗಡಿಯಾರ ಕಂಬದ ಬಳಿಯೂ ಹೋಟೆಲು ತೆರೆದರು. ಇಂದು ಊರಿನಲ್ಲಿ ಬೆಣ್ಣೆ ದೋಸೆಯ ಬೋರ್ಡಿಲ್ಲದ ಬೀದಿ ಹುಡುಕುವುದೇ ಕಷ್ಟ. ಕೊಟ್ಟೂರೇಶ್ವರನ ಹೆಸರಿನ ಬೋರ್ಡುಗಳಂತೂ ಹಲವು. ಜಾತ್ರೆಗೆ ಇಲ್ಲಿಂದ ಕೊಟ್ಟೂರಿನವರೆಗೆ ನಡೆದೇ ಹೋಗುವ ಭಕ್ತರಿರುವ ಊರಿನಲ್ಲಿ ಇದು ಸಹಜವೇ. ಅವುಗಳಲ್ಲಿ ಹಳೆಯದು ಯಾವುದು, ಮೂಲ ಯಾವುದು ಎಂಬ ವಾದಕ್ಕೆ ಹೊರಗಿನವರು ಬೀಳದಿರುವುದು ಕ್ಷೇಮ. ಬೋರ್ಡನ್ನು ಬಿಟ್ಟು ಕಾವಲಿಯನ್ನು ನೋಡಿ.

ಕಾವಲಿಯಲ್ಲಿ ನೋಡುವುದೇನೆಂದರೆ ಇಷ್ಟು. ಒಂದು ಸಾಲು ದೋಸೆ ತೆಗೆದ ಮೇಲೆ ಭಟ್ಟರು ನೀರು ಚಿಮುಕಿಸಿ ಪೊರಕೆಯಿಂದ ಗುಡಿಸುವಾಗ ಆ ನೀರು ಚುರ್ರೆಂದು ಹಾರಿಹೋಗಬೇಕು. ಮೆಲ್ಲಗೆ ಕುದಿಯುತ್ತಾ ಹರಿದಾಡಿದರೆ ಕಾವಲಿ ಆರಿದೆ ಎಂದರ್ಥ, ಮುಂದಿನ ಸಾಲಿನ ದೋಸೆ ಬೆಳ್ಳಗೇ ಏಳುತ್ತದೆ. ಹೊಂಬಣ್ಣ ಬರುವುದು ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ಹುದುಗಿದ ಹಿಟ್ಟಿನ ಸಕ್ಕರೆಯೂ ಉದ್ದಿನ ಪ್ರೋಟೀನೂ ಬಿಸಿಗೆ ಕೂಡಿ ಕಂದಾದಾಗ. ಮಂಡಕ್ಕಿ ಆಗಲೇ ಬೆಂದು ಅರಳಿದ ಅಕ್ಕಿಯಾದ್ದರಿಂದ ನೆನೆಸಿ ರುಬ್ಬಿದಾಗ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದರಿಂದಲೇ ನಮ್ಮ ದೋಸೆಯ ಅಂಚು ಗರಿಗರಿಯಾಗಿ ಮುರಿದರೂ ನಡು ಮೆತ್ತಗಿರುತ್ತದೆ. ಸೌದೆ ಒಲೆಯನ್ನು ಇಂದಿಗೂ ಬಿಡದ ಹೋಟೆಲುಗಳಿವೆ, ಗ್ಯಾಸಿಗೆ ಬದಲಾದವೂ ಇವೆ. ದಪ್ಪ ಕಬ್ಬಿಣದ ಕಾವಲಿ ಸಮವಾಗಿ ಕಾದಿದ್ದರೆ ನನ್ನ ನಾಲಿಗೆಗೆ ಈ ಎರಡರ ನಡುವೆ ಅಂಥ ವ್ಯತ್ಯಾಸ ಕಂಡಿಲ್ಲ. ಸೌದೆಯ ಪಕ್ಷದವರು ಕೋಪಿಸಿಕೊಳ್ಳಬಾರದು.

ಇನ್ನು ಬೆಣ್ಣೆ. ತಟ್ಟೆಗೆ ಬಂದ ಮೇಲೂ ಮೇಲಿಟ್ಟ ಬಿಳಿ ಬೆಣ್ಣೆಯ ಉಂಡೆ ದೋಸೆಯ ಬಿಸಿಗೆ ಅಡಿಯಿಂದ ಕರಗುತ್ತಾ ಚಟ್ನಿಯ ಕಡೆಗೆ ಜಾರತೊಡಗಬೇಕು. ಒಳ್ಳೆಯ ಬೆಣ್ಣೆ ಬಾಯಿಯ ಬಿಸಿಯಲ್ಲೇ ಕರಗಿಹೋಗುತ್ತದೆ. ತಿಂದು ಕೈ ತೊಳೆದ ಮೇಲೂ ಅಂಗುಳಿಗೆ ಮೇಣ ಮೆತ್ತಿದಂತಿದ್ದರೆ ಅದರಲ್ಲಿ ಬೇರೇನೋ ಬೆರೆತಿದೆ ಎಂದು ಅನುಮಾನಪಡಬಹುದು. ಜೊತೆಗೆ ಬರುವುದು ಹಸಿಮೆಣಸು ಹಾಕಿದ ತೆಂಗಿನಕಾಯಿ ಚಟ್ನಿ ಮತ್ತು ಹೆಚ್ಚು ಮಸಾಲೆಯಿಲ್ಲದ ಆಲೂಗಡ್ಡೆ ಪಲ್ಯ. ಸಾಂಬಾರು ಕೇಳಿದರೆ ಪಕ್ಕದ ಮೇಜಿನವರು ತಿರುಗಿ ನೋಡುತ್ತಾರೆ. ಮೊದಲ ಸಲ ಬಂದವರು ಬೆಣ್ಣೆ ದೋಸೆಯನ್ನೇ ತೆಗೆದುಕೊಳ್ಳಲಿ. ಖಾಲಿ ದೋಸೆ, ಹಿಟ್ಟಿನ ರುಚಿ ನೋಡಬೇಕೆನ್ನುವವರಿಗೆ, ಪಲ್ಯವನ್ನೂ ಚಟ್ನಿಪುಡಿಯನ್ನೂ ಮೇಲೆಯೇ ಹರಡಿ ಕೊಡುವ ಓಪನ್ ದೋಸೆ ಒಂದರಲ್ಲೇ ಹೊಟ್ಟೆ ತುಂಬಿಸಿಕೊಳ್ಳಬೇಕಾದವರಿಗೆ.

ಕೊರತೆಗಳನ್ನೂ ಹೇಳಬೇಕು. ಕೂರುವ ಜಾಗ ಇಕ್ಕಟ್ಟು, ನೀವು ತಿನ್ನುತ್ತಿರುವಾಗಲೇ ನಿಮ್ಮ ಬೆನ್ನ ಹಿಂದೆ ಮುಂದಿನವರು ನಿಂತಿರುತ್ತಾರೆ. ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆಯ ನಡುವೆ ಹೋಗುವುದು ನನ್ನ ಲೆಕ್ಕದಲ್ಲಿ ತಪ್ಪು. ಎರಡು ವರ್ಷದ ಹಿಂದೆ ಮೈಸೂರಿನ ಭಾವ ಮತ್ತು ಅವರ ಮನೆಯವರನ್ನು ಇದೇ ಹೊತ್ತಿನಲ್ಲಿ ತುಂಬ ಹೆಸರಿರುವ ಒಂದು ಕಡೆಗೆ ಕರೆದುಕೊಂಡು ಹೋಗಿದ್ದೆ. ಐವತ್ತು ನಿಮಿಷ ಕಾದ ಮೇಲೆ ಬಂದ ಐದು ದೋಸೆಗಳಲ್ಲಿ ಮೂರು ಬೆಳ್ಳಗಿದ್ದವು, ಒಂದರ ನಡು ಹಸಿಯಾಗಿತ್ತು. ಕಾವಲಿಗೆ ಬಿಸಿಯೇರಲು ಪುರುಸೊತ್ತು ಕೊಡದೆ ಸಾಲಿನ ಮೇಲೆ ಸಾಲು ಹುಯ್ಯುತ್ತಿದ್ದರು. ಭಾವ ಏನೂ ಅನ್ನಲಿಲ್ಲ, ‘ಚಟ್ನಿ ಚೆನ್ನಾಗಿದೆ’ ಎಂದರು. ಅದೇ ಹೋಟೆಲಿಗೆ ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಒಬ್ಬನೇ ಹೋದಾಗ ದೋಸೆಗೆ ಹೆಸರಿಡುವಂತಿರಲಿಲ್ಲ. ಹಾಗಾಗಿ ಹೆಸರಾದ ಹೋಟೆಲಿಗೆ ವಾರದ ದಿನ ಬೇಗ ಹೋಗಿ. ಭಾನುವಾರವೇ ಗತಿಯಾದರೆ ಹತ್ತಿರದ, ಹೆಸರಿಲ್ಲದ, ನಾಲ್ಕೇ ಮೇಜಿರುವ ಕಡೆ ಕೂರಿ. ಪಾರ್ಸೆಲ್ ಮಾತ್ರ ಬೇಡ. ಕಾಗದದೊಳಗೆ ತನ್ನದೇ ಹಬೆಯಲ್ಲಿ ಬೆವೆತ ದೋಸೆ ಹತ್ತು ನಿಮಿಷದಲ್ಲಿ ಒದ್ದೆ ಬಟ್ಟೆಯಂತಾಗುತ್ತದೆ.

ಅಜ್ಜಿಯ ಊಟಕ್ಕೆ ಖಾನಾವಳಿ. ದಕ್ಷಿಣದಲ್ಲಿ ಹಿರಿಯೂರು, ಹೊಸದುರ್ಗದ ಕಡೆಯ ಮುದ್ದೆಯ ಸೀಮೆಗೂ ಉತ್ತರದ ಜೋಳದ ಸೀಮೆಗೂ ನಡುವೆ ದಾವಣಗೆರೆ ಇದ್ದರೂ ಇಲ್ಲಿಯ ಖಾನಾವಳಿಗಳು ಜೋಳದ ಪಕ್ಷವೇ. ಚಿತ್ರದುರ್ಗ ಇಲ್ಲಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 60 ಕಿ.ಮೀ.; ಮುದ್ದೆಯೇ ಬೇಕೆನ್ನುವವರು ಕೋಟೆ ನೋಡಿಕೊಂಡು ಬರುವ ದಿನ ಆ ಆಸೆಯನ್ನು ಅಲ್ಲೇ ತೀರಿಸಿಕೊಳ್ಳಬಹುದು. ಒಳ್ಳೆಯ ಖಾನಾವಳಿಯನ್ನು ಕಣ್ಣಿಗಿಂತ ಮೊದಲು ಕಿವಿ ಗುರುತಿಸುತ್ತದೆ: ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿದ್ದರೆ ಚಪ್ಪಲಿ ಬಿಡಬಹುದು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಒಂದು ಕಾಳು ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಹಸಿ ಈರುಳ್ಳಿ, ಸೌತೆಕಾಯಿ, ಮೊಸರು, ಕೊನೆಗೆ ಅನ್ನ ಸಾರು ಮಜ್ಜಿಗೆ. ಇದರ ಹೊತ್ತು ಹನ್ನೆರಡೂವರೆಯಿಂದ ಎರಡರವರೆಗೆ. ಮೂರರ ಮೇಲೆ ಹೋದರೆ ರೊಟ್ಟಿ ಡಬ್ಬಿಯಿಂದ ಬರುತ್ತದೆ, ಎಣ್ಣೆಗಾಯಿಯ ಬದಲು ರಸ ಮಾತ್ರ ಬರುತ್ತದೆ. ಊಟಕ್ಕೆ ರೊಟ್ಟಿ ಎಷ್ಟು, ಹೆಚ್ಚಿನ ರೊಟ್ಟಿಗೆ ಬೇರೆ ದುಡ್ಡೋ ಎಂಬುದನ್ನು ಕೂರುವ ಮೊದಲೇ ಕೇಳಿಕೊಳ್ಳಿ. ಕೆಲವು ಕಡೆ ಎರಡಕ್ಕೆ ನಿಲ್ಲಿಸುತ್ತಾರೆ, ಕೆಲವು ಕಡೆ ಸಾಕೆಂದರೂ ಹಾಕುತ್ತಾರೆ. ಹೊಟ್ಟೆ ತುಂಬುವ ಲೆಕ್ಕದಲ್ಲಿ ರೂಪಾಯಿಗೆ ಇಷ್ಟು ಕೊಡುವ ಜಾಗ ಈ ನಾಲ್ಕರಲ್ಲಿ ಬೇರೆ ಇಲ್ಲ, ಹಿರಿಯರಿಗೆ ಕುರ್ಚಿಯೂ ಸಿಗುತ್ತದೆ. ಚಿಕ್ಕ ಮಕ್ಕಳಿಗೆ ಮಾತ್ರ ಪಲ್ಯದ ಖಾರ ಹೆಚ್ಚಾಗುವುದುಂಟು, ಅವರಿಗೆ ರೊಟ್ಟಿ ಮೊಸರೇ ಗತಿ.

ಮಂಡಕ್ಕಿ ಅಂಗಡಿಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅಲ್ಲಿ ತಪ್ಪುವುದಕ್ಕೆ ಅವಕಾಶವೇ ಕಡಿಮೆ. ಒಂದು ಬಡಾವಣೆಗೆ ಮಂಡಕ್ಕಿ ಭಟ್ಟಿಯ ಹೆಸರೇ ಬಿದ್ದಿರುವ ಊರಿದು. ಸಂಜೆ ನಾಲ್ಕರಿಂದ ಎಂಟರವರೆಗೆ ಒಗ್ಗರಣೆ ಮಂಡಕ್ಕಿಯೋ, ಪುಟಾಣಿ ಹಿಟ್ಟು ಬೆರೆಸಿದ ನರ್ಗಿಸ್ ಮಂಡಕ್ಕಿಯೋ, ಪಕ್ಕದಲ್ಲಿ ಎರಡು ಮಿರ್ಚಿ. ಒಂದು ದೋಸೆಯ ದುಡ್ಡಿನಲ್ಲಿ ಇಬ್ಬರ ಸಂಜೆ ಕಳೆಯುತ್ತದೆ. ಗಮನಿಸಬೇಕಾದದ್ದು ಎಣ್ಣೆಯೊಂದನ್ನೇ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇ. 25ನ್ನು ಮೀರಬಾರದೆಂದು 2018ರ ಜುಲೈನಿಂದ ನಿಯಮವಿದೆ. ಅದನ್ನು ಅಳೆಯುವ ಉಪಕರಣ ನಮ್ಮ ಕೈಯಲ್ಲಿಲ್ಲದಿದ್ದರೂ ಬಾಣಲೆಯ ಎಣ್ಣೆ ಕಪ್ಪಗೆ ಮಂದವಾಗಿದ್ದು, ಮಿರ್ಚಿ ಬಿಟ್ಟಾಗ ಅಂಚಿನಲ್ಲಿ ಅಡಗದ ನೊರೆ ಕಟ್ಟುತ್ತಿದ್ದರೆ ಮಂಡಕ್ಕಿಯನ್ನಷ್ಟೇ ತಿಂದು ಬರಬೇಕು. ಕುಂದುವಾಡ ಕೆರೆಯ ಕಡೆಗೋ ಗಾಜಿನ ಮನೆಯ ಕಡೆಗೋ ತಿರುಗಾಡಲು ಹೋಗುವವರಿಗೆ ಪೊಟ್ಟಣ ಕಟ್ಟಿಸಿಕೊಂಡು ಹೋಗುವ ಅನುಕೂಲವೂ ಉಂಟು.

ಬರ್ಗರಿನ ಮಾತಿಗೆ ಬಂದರೆ, ನನ್ನ ವಯಸ್ಸಿನವರು ಅದನ್ನು ತಾತ್ಸಾರದಿಂದ ಕಾಣುವುದು ರೂಢಿ, ನಾನೂ ಬಹಳ ದಿನ ಹಾಗೆಯೇ ಇದ್ದೆ. ಯೋಚಿಸಿದರೆ ಅದೂ ಕಾವಲಿಯ ಕಸುಬೇ. ಅಮೆರಿಕದ ಕಾನ್ಸಾಸ್ ರಾಜ್ಯದ ವಿಚಿಟಾ ಎಂಬ ಊರಿನಲ್ಲಿ 1921ರಲ್ಲಿ ಶುರುವಾದ ವೈಟ್ ಕ್ಯಾಸಲ್ ಎಂಬ ಸಣ್ಣ ಅಂಗಡಿ ಐದು ಸೆಂಟಿಗೆ ಒಂದರಂತೆ ಮಾರಿದ್ದು, ಗಿರಾಕಿಯ ಕಣ್ಣೆದುರೇ ಕಬ್ಬಿಣದ ಕಾವಲಿಯ ಮೇಲೆ ಬೇಯಿಸಿದ ದನದ ಮಾಂಸದ ಬಿಲ್ಲೆಗಳ ಬರ್ಗರುಗಳನ್ನು. ಭಾರತಕ್ಕೆ 1996ರಲ್ಲಿ ಮ್ಯಾಕ್‌ಡೊನಾಲ್ಡ್ಸ್ ಬಂದಾಗ ದನದ ಮಾಂಸವನ್ನು ಕೈಬಿಟ್ಟಿತು, ಮುಂದೆ ಆಲೂ ಟಿಕ್ಕಿಗೆ ಬನ್ನು ಹೊದಿಸಿತು. ನಮ್ಮ ಊರಿನ ತಳ್ಳುಗಾಡಿಯವರೂ ಬೇಕರಿಯವರೂ ಹಿಡಿದದ್ದು ಆ ದಾರಿಯನ್ನೇ.

ವಿದ್ಯಾನಗರ, ಎಂ.ಸಿ.ಸಿ. ಬಿ ಬ್ಲಾಕ್, ಹದಡಿ ರಸ್ತೆಯ ಸುತ್ತಮುತ್ತ, ಅಂದರೆ ಹಾಸ್ಟೆಲು ಹುಡುಗರು ಓಡಾಡುವ ಕಡೆ ಕಾಣುವ ಬರ್ಗರುಗಳಲ್ಲಿ ಮೂರು ಬಗೆ. ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ಬೆಳಿಗ್ಗೆಯೇ ಕಟ್ಟಿಟ್ಟಿರುವುದು ಅಗ್ಗ, ಆದರೆ ಮಧ್ಯಾಹ್ನದ ಹೊತ್ತಿಗೆ ಎಲೆಕೋಸು ನೀರು ಬಿಟ್ಟು ಬನ್ನಿನ ತಳ ಒದ್ದೆಯಾಗಿರುತ್ತದೆ. ಅಲ್ಲಿ ಖಾರ ಬನ್ನು ತಿನ್ನುವುದು ಜಾಣತನ. ತಳ್ಳುಗಾಡಿಯಲ್ಲಿ ಫ್ರೀಜರಿನ ಟಿಕ್ಕಿಯನ್ನು ಎಣ್ಣೆಗೆ ಬಿಟ್ಟು, ಎರಡು ಬಗೆಯ ಸಾಸು ಸುರಿದು ಕೊಡುತ್ತಾರೆ; ಬಿಸಿಯಾಗಿರುತ್ತದೆ, ಬೇಗ ಸಿಗುತ್ತದೆ, ರುಚಿ ಸಾಸಿನದು. ಮೂರನೆಯದು ಇಬ್ಬರು ಮೂವರು ಗೆಳೆಯರು ಸೇರಿ ನಡೆಸುವ, ನಾಲ್ಕಾರು ಮೇಜಿನ ಅಂಗಡಿ. ನೋಡಲು ಯೋಗ್ಯವಾದದ್ದು ಇದೊಂದೇ, ಅದೂ ಎಲ್ಲವೂ ಅಲ್ಲ. ಪರೀಕ್ಷೆ ಸುಲಭ: ಟಿಕ್ಕಿ ಇಲ್ಲೇ ಇವತ್ತು ತಟ್ಟಿದ್ದೇ ಎಂದು ಕೇಳಿ. ಹೌದಾದರೆ ಅದರ ಅಂಚು ಗುಂಡಗೆ ಕತ್ತರಿಸಿದಂತಿರದೆ ಸೊಟ್ಟಗಿರುತ್ತದೆ. ಬನ್ನಿನ ಕೊಯ್ದ ಮುಖವನ್ನು ಬೆಣ್ಣೆ ಸವರಿ ಕಾವಲಿಗೆ ಒತ್ತುತ್ತಾರೆಯೇ ನೋಡಿ. ಆ ತೆಳು ಕಂದು ಪದರವೇ ಸಾಸಿನ ನೀರನ್ನು ತಡೆದು ಕೊನೆಯ ತುತ್ತಿನವರೆಗೆ ಬನ್ನನ್ನು ಕೈಯಲ್ಲಿ ನಿಲ್ಲಿಸುತ್ತದೆ. ಇಂಥದೊಂದು ಅಂಗಡಿಯಲ್ಲಿ ಹುಡುಗನೊಬ್ಬ ದೋಸೆ ಹೋಟೆಲಿನ ಬಿಳಿ ಬೆಣ್ಣೆಯನ್ನೇ ಬನ್ನಿಗೆ ಸವರುತ್ತಿದ್ದುದನ್ನು ಕಂಡ ದಿನ ನನ್ನ ತಾತ್ಸಾರ ಅರ್ಧ ಕರಗಿತು.

ಇಲ್ಲಿ ಎಚ್ಚರ ಬೇಕಾದ ಸಂಗತಿಗಳೂ ಹೆಚ್ಚು. ಏಪ್ರಿಲ್–ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಹೊರಗಿಟ್ಟ ಮೇಯೊನೇಸ್ ನಂಬುವಂಥದ್ದಲ್ಲ; ಹಸಿ ಮೊಟ್ಟೆಯ ಮೇಯೊನೇಸನ್ನು ತೆಲಂಗಾಣ ಸರ್ಕಾರ 2024ರ ಅಕ್ಟೋಬರಿನಲ್ಲಿ ಒಂದು ವರ್ಷ ನಿಷೇಧಿಸಿದ್ದು ಸುಮ್ಮನೆ ಅಲ್ಲ. ಮೊಟ್ಟೆಯಿಲ್ಲದ್ದೇ ಎಂದು ಕೇಳಿ, ಫ್ರಿಜ್ಜಿನಿಂದ ತೆಗೆಯುತ್ತಾರೆಯೇ ನೋಡಿ, ಅನುಮಾನವಿದ್ದರೆ ಹಸಿರು ಚಟ್ನಿ ಹಾಕಿಸಿಕೊಳ್ಳಿ. ಕೋಳಿಯ ಟಿಕ್ಕಿ ಮುರಿದಾಗ ಒಳಗೆ ಗುಲಾಬಿ ಬಣ್ಣ ಕಂಡರೆ ವಾಪಸು ಕೊಡುವುದಕ್ಕೆ ಸಂಕೋಚ ಬೇಡ. ಇಂಥ ಅಂಗಡಿಗಳಲ್ಲಿ ಬರ್ಗರಿನ ಜೊತೆಗೆ ಗೋಬಿ, ಕಬಾಬುಗಳೂ ಇರುತ್ತವೆ. ಕರ್ನಾಟಕದಲ್ಲಿ 2024ರ ಮಾರ್ಚಿನಿಂದ ಗೋಬಿ ಮಂಚೂರಿಗೂ ಅದೇ ಜೂನಿನಿಂದ ಕಬಾಬಿಗೂ ಕೃತಕ ಬಣ್ಣ ಹಾಕುವಂತಿಲ್ಲ. ತಟ್ಟೆಯ ಮೇಲೆ ಕುಂಕುಮ ಚೆಲ್ಲಿದಂತೆ ಕೆಂಪಿದ್ದರೆ ಆ ಅಡುಗೆಮನೆಯ ಬರ್ಗರನ್ನೂ ಬಿಡಿ.

ದುಡ್ಡಿನ ಲೆಕ್ಕದಲ್ಲಿ ಬರ್ಗರ್ ಸೋಲುತ್ತದೆ. ಒಳ್ಳೆಯ ಒಂದು ಬರ್ಗರು, ಕರಿದ ಆಲೂಗಡ್ಡೆ, ಒಂದು ತಂಪು ಪಾನೀಯ ಸೇರಿದರೆ ಅದೇ ದುಡ್ಡಿನಲ್ಲಿ ಖಾನಾವಳಿಯಲ್ಲಿ ಇಬ್ಬರ ಊಟವಾಗುತ್ತದೆ. ಆದರೂ ಹುಡುಗರು ಅಲ್ಲಿಗೇ ಏಕೆ ಹೋಗುತ್ತಾರೆಂಬುದು ಅಲ್ಲಿ ಒಂದು ಸಂಜೆ ಕೂತಾಗ ಅರ್ಥವಾಯಿತು: ಒಂದು ಬರ್ಗರ್ ಹೇಳಿ ನಾಲ್ಕು ಜನ ಎರಡು ಗಂಟೆ ಕೂತರೂ ಅಲ್ಲಿ ಯಾರೂ ಏಳಿ ಎನ್ನುವುದಿಲ್ಲ, ರಾತ್ರಿ ಹತ್ತಕ್ಕೂ ಬೆಳಕಿರುತ್ತದೆ, ಹೆಣ್ಣುಮಕ್ಕಳು ತಾವೇ ಬಂದು ಕೂತು ಹೋಗುತ್ತಾರೆ. ದೋಸೆ ಹೋಟೆಲಿನಲ್ಲಿ ತಿಂದ ಮೇಲೆ ಐದು ನಿಮಿಷ ಕೂರುವುದೂ ಹಿಂದೆ ನಿಂತವರ ಮೇಲೆ ಮಾಡುವ ಅನ್ಯಾಯ.

ಇನ್ನು ನಿಮ್ಮ ನಿಮ್ಮ ಸಂದರ್ಭಕ್ಕೆ ಹೊಂದಿಸಿಕೊಳ್ಳಿ. ಒಂದೇ ಹೊತ್ತು ಮಾತ್ರ ಸಿಗುವುದಾದರೆ, ಅದು ಬೆಳಗಿನದಾದರೆ, ಎರಡನೆಯ ಯೋಚನೆಯೇ ಬೇಡ, ದೋಸೆ. ಮಧ್ಯಾಹ್ನ ಒಂದಕ್ಕೆ ಇಳಿಯುವವರು ದೋಸೆಯ ಆಸೆಗೆ ಬೀಳದೆ ಖಾನಾವಳಿಗೆ ಹೋಗಲಿ. ಆ ಹೊತ್ತಿನಲ್ಲಿ ದೋಸೆಯ ಭಟ್ಟರೂ ಕಾವಲಿಯೂ ದಣಿದಿರುತ್ತಾರೆ. ಬೆಂಗಳೂರಿನಂಥ ಊರಿನಿಂದ ಬಂದವರು ಇಲ್ಲಿ ಬರ್ಗರ್ ತಿನ್ನುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ, ಅವರಿಗೆ ಅಲ್ಲೇ ಇದಕ್ಕಿಂತ ಒಳ್ಳೆಯದು ಸಿಗುತ್ತದೆ. ನಾಲ್ಕು ವರ್ಷ ಇಲ್ಲೇ ಓದಲು ಬಂದಿರುವ ಹುಡುಗನಿಗಾದರೆ ಗೆಳೆಯರು ಸಿಗುವುದು ಆ ಮೇಜುಗಳಲ್ಲಿಯೇ, ಆದ್ದರಿಂದ ಅವನನ್ನು ತಡೆಯಬೇಡಿ. ಜೇಬಿನಲ್ಲಿ ಐವತ್ತು ರೂಪಾಯಿ ಇದ್ದರೆ ಮಂಡಕ್ಕಿ ಮಿರ್ಚಿಯಲ್ಲಿ ತೃಪ್ತಿಯಾಗುತ್ತದೆ, ಆ ದುಡ್ಡಿಗೆ ಸಿಗುವ ಬರ್ಗರಿನಲ್ಲಿ ಆಗುವುದಿಲ್ಲ. ಮೂರು ತಲೆಮಾರು ಒಟ್ಟಿಗೆ ಬಂದಿರುವ ಆ ದಾಖಲಾತಿಯ ಕುಟುಂಬಕ್ಕೆ ನಾನು ಹೇಳುವುದು ಹೀಗೆ: ಎಂಟು ಗಂಟೆಯೊಳಗೆ ಎಲ್ಲರೂ ದೋಸೆ ತಿಂದು ಕಾಲೇಜಿಗೆ ಹೋಗಿ, ಅಜ್ಜಿಗಾಗಿ ಒಂದು ಗಂಟೆಗೆ ಸರಿಯಾಗಿ ಖಾನಾವಳಿ ಸೇರಿ, ಸಂಜೆ ಹುಡುಗನ ಕೈಗೆ ಇನ್ನೂರು ರೂಪಾಯಿ ಕೊಟ್ಟು ಅವನನ್ನು ಬರ್ಗರ್ ಅಂಗಡಿಗೆ ಕಳಿಸಿ ಉಳಿದವರು ಮಂಡಕ್ಕಿಗೆ ಹೋಗಿ.

ರೈಲಿಗೆ ಕಟ್ಟಿಸಿಕೊಳ್ಳುವ ವಿಷಯ ಒಂದು ಉಳಿಯಿತು. ದೋಸೆ ನಿಲ್ದಾಣದವರೆಗೂ ತಡೆಯುವುದಿಲ್ಲ, ಬರ್ಗರ್ ಹರಿಹರ ಬರುವುದರೊಳಗೆ ಮುಗಿಸಬೇಕು. ನರ್ಗಿಸ್ ಮಂಡಕ್ಕಿಯನ್ನು ಈರುಳ್ಳಿ ಬೆರೆಸದೆ ಕೊಡಿ ಎಂದರೆ ಬೆಳಗಾದರೂ ಗರಿಗರಿಯಾಗಿರುತ್ತದೆ. ಖಾನಾವಳಿಯಲ್ಲಿ ಮಧ್ಯಾಹ್ನವೇ ಹೇಳಿಟ್ಟರೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಇಡುತ್ತಾರೆ. ಡಬ್ಬಿಯ ಮುಚ್ಚಳ ಸರಿಯಾಗಿದ್ದರೆ ಅದು ವಾರಗಟ್ಟಲೆ ಕೆಡುವುದಿಲ್ಲ.